ದಾರಿ ದೊಡ್ಡಮ್ಮನ ಗಂಟಲು ಕಟ್ಟಿದ ದಿನ

ಏಯ್, ಆ ಬದಿಯಲ್ಲಿ ಹೋಗ್ತಿರೋರೇ! ಹೌದು ರೀ, ನಿಮ್ಮನ್ನೇ ಕೂಗ್ತಿರೋದು! ಛತ್ರಿಯವರೂ ನಿಲ್ಲಿ, ಸೈಕಲ್ಲಿನವರೂ ಒಂದು ಕಾಲು ಊರಿ. ಬಸ್ಸು ಬಂದ್ರೆ ಹೋಗ್ಲಿ ಬಿಡಿ, ಅದರ ಹಿಂದೆ ಇನ್ನೊಂದು ಇದ್ದೇ ಇರುತ್ತೆ. ಕಿವಿಗೆ ಒತ್ತಿದ ಫೋನು ಕೆಳಗಿಳಿಸಿ. ದಾರಿ ದೊಡ್ಡಮ್ಮನ ಗಂಟಲು ಕಟ್ಟಿದ ದಿನ ಆಸ್ಪತ್ರೆಯಲ್ಲಿ ಏನಾಯ್ತು ಅಂತ ಎಲ್ಲರೂ ಅರ್ಧಂಬರ್ಧ ಕೇಳಿದ್ದೀರಿ. ಪೂರ್ತಿ ನನ್ನ ಬಾಯಲ್ಲಿ ಕೇಳಿ.

ದೊಡ್ಡಮ್ಮನನ್ನು ನೋಡದವರಿಗಾಗಿ ಮೊದಲು ಎರಡು ಮಾತು. ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಗಳನ್ನು ಮಲಗಿಸಿ ವಾರ್ಡಿನಿಂದ ಆಪರೇಷನ್ ಕೋಣೆಗೆ, ಅಲ್ಲಿಂದ ಮತ್ತೆ ವಾರ್ಡಿಗೆ ಒಯ್ಯುವ ತಳ್ಳುಗಾಡಿ ಇರುತ್ತದಲ್ಲ, ಅದನ್ನು ತಳ್ಳುವುದು ಅವಳ ಕೆಲಸ. ಆಳು ಗುಂಡಗೆ, ಹೆಜ್ಜೆ ಮಾತ್ರ ಹಗುರ. ಗಾಡಿಯ ಹಿಂದಿನ ಎಡ ಚಕ್ರಕ್ಕೆ ತನ್ನಿಷ್ಟದ ಕಡೆ ತಿರುಗುವ ಚಾಳಿ. ಅದಕ್ಕೆ ಬೆಳಿಗ್ಗೆ ಎಣ್ಣೆ ಬಿಟ್ಟು, ಮೊಣಕಾಲಿನಿಂದ ಒಂದು ಸಣ್ಣ ಏಟು ಕೊಟ್ಟು, "ಇವತ್ತು ಮರ್ಯಾದೆಯಿಂದ ಇರು" ಎಂದು ಎಚ್ಚರಿಸಿಯೇ ಅವಳ ದಿನ ಶುರು. ಚಕ್ರ ಮಧ್ಯಾಹ್ನದವರೆಗೆ ಮಾತು ಕೇಳುತ್ತದೆ. ಆಮೇಲೆ ಅದರ ಪಾಡು ಅದಕ್ಕೆ, ಇವಳ ಪಾಡು ಇವಳಿಗೆ.

ಆದರೆ ಅವಳ ನಿಜವಾದ ಹತ್ಯಾರು ಗಾಡಿಯಲ್ಲ, ಗಂಟಲು. ಆ ಆಸ್ಪತ್ರೆಯ ಕಾರಿಡಾರಿನಲ್ಲಿ ಗಾಡಿ ನುಗ್ಗಿಸುವುದೆಂದರೆ ಹೂರಣದಂತೆ ಜನ ತುಂಬಿದ ಬಸ್ಸಿನಲ್ಲಿ ಮಂಚ ಸಾಗಿಸಿದಂತೆ. ಎಲ್ಲಿ ನೋಡಿದರೂ ಕ್ಯೂ. ರಕ್ತ ಕೊಡುವವರ ಕ್ಯೂ, ಔಷಧಿ ಕಿಟಕಿಯ ಕ್ಯೂ, ಯಾವ ಕ್ಯೂ ಎಂದು ಗೊತ್ತಿಲ್ಲದೆ ಉದ್ದ ಇದೆ ಎಂಬ ಒಂದೇ ಕಾರಣಕ್ಕೆ ಸೇರಿಕೊಂಡವರ ಕ್ಯೂ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳೂ ಎಲ್ಲರಂತೆ "ಸರೀರಿ, ಸರೀರಿ, ಪೇಷಂಟು!" ಎಂದೇ ಕೂಗುತ್ತಿದ್ದಳು. ಯಾರೂ ಕದಲುತ್ತಿರಲಿಲ್ಲ. ಸರಿದರೆ ಜಾಗ ಹೋಗುತ್ತದೆ, ಜಾಗ ಹೋದರೆ ದಿನ ಹೋಗುತ್ತದೆ. ಒಂದು ದಿನ ಯಾರೋ ಮುದುಕರನ್ನು ಒಯ್ಯುವಾಗ ಒಬ್ಬ ಟೋಪಿಯವನು ಅಡ್ಡ ನಿಂತು, "ಅವರೇನು ನಮ್ಮಪ್ಪನಾ, ನಾನ್ಯಾಕೆ ಸರೀಲಿ?" ಎಂದ.

"ಹೂಂ, ನಿಮ್ಮಪ್ಪನೇ! ನೋಡ್ಕೊಳ್ಳಿ ಸರಿಯಾಗಿ! ದಾರೀ... ನಿಮ್ಮಪ್ಪ ಬರ್ತಿದ್ದಾರೆ!" ಎಂದು ದೊಡ್ಡಮ್ಮ ಸಿಟ್ಟಿನಲ್ಲಿ ಕಿರುಚಿದ್ದಳು.

ಟೋಪಿಯವನು ಸರಿದ. ಅವನೊಬ್ಬನೇ ಅಲ್ಲ, ಕಾರಿಡಾರಿಗೆ ಕಾರಿಡಾರೇ ಗೋಡೆಗೆ ಅಂಟಿಕೊಂಡಿತು. ಯಾರ ಅಪ್ಪನೋ ಯಾರಿಗೆ ಗೊತ್ತು!

ಅಂದಿನಿಂದ ಅದೇ ಅವಳ ಕೂಗು. ಗಾಡಿಯಲ್ಲಿ ಯಾರಿದ್ದರೂ ಅವರಿಗೊಂದು ನಂಟು ಕೊಡುತ್ತಾಳೆ. "ದಾರೀ... ನಿಮ್ಮ ಅಜ್ಜಿ ಬರ್ತಿದ್ದಾರೆ! ದಾರೀ... ನಿಮ್ಮ ತಮ್ಮ ಬರ್ತಿದ್ದಾನೆ!" ಮೊದಲ "ದಾರೀ" ನೆಲದಿಂದ ಏಳುತ್ತದೆ, ಚಾವಣಿ ಮುಟ್ಟಿ ಕೆಳಗೆ ಬರುತ್ತದೆ. ಒಮ್ಮೆ "ನಿಮ್ಮ ಮಾವ ಬರ್ತಿದ್ದಾರೆ" ಎಂದು ಕೂಗಿದಾಗ, ಹೊಸದಾಗಿ ಮದುವೆಯಾಗಿದ್ದ ಸಣ್ಣ ಡಾಕ್ಟರೊಬ್ಬರು ಬಾಯಲ್ಲಿದ್ದ ಬಿಸ್ಕತ್ತು ಸಮೇತ ಬಾಗಿಲ ಹಿಂದೆ ಅವಿತುಕೊಂಡರು. ಆ ನಗು ಇನ್ನೂ ಆಸ್ಪತ್ರೆಯಲ್ಲಿ ಬಾಡಿಲ್ಲ. ಹೀಗೆ ಅವಳು ದಾರಿ ದೊಡ್ಡಮ್ಮನಾದಳು. ದೊಡ್ಡ ಡಾಕ್ಟರಿಂದ ಹಿಡಿದು ಗೇಟಿನವನವರೆಗೆ ಎಲ್ಲರಿಗೂ ದೊಡ್ಡಮ್ಮ.

ಈಗ ಗಂಟಲಿನ ಕಥೆಗೆ ಬರೋಣ.

ಹಿಂದೆ ಗಾಡಿ ತಳ್ಳುವವರದ್ದೇ ಒಂದು ದಂಡು ಇತ್ತಂತೆ. ಮೆಟ್ಟಿಲ ಕೆಳಗೆ ಅವರಿಗೊಂದು ಬೆಂಚು, ಬೆಂಚಿನ ಮೇಲೆ ಚಹಾ, ಚಹಾದ ಜೊತೆ ಜಗಳ. ಒಬ್ಬರು ನಿವೃತ್ತಿಯಾದರು, ಇನ್ನೊಬ್ಬರಿಗೆ ಬೆನ್ನು ಹೋಯಿತು, ಒಬ್ಬ ಊರು ಬಿಟ್ಟ. ಖಾಲಿಯಾದ ಜಾಗಕ್ಕೆ ಯಾರೂ ಬರಲಿಲ್ಲ. "ತುಂಬ್ತೀವಿ, ತುಂಬ್ತೀವಿ" ಎಂದು ಆಫೀಸಿನವರು ಹೇಳುತ್ತಲೇ ಇದ್ದಾರೆ, ಬೆಂಚು ಖಾಲಿಯಾಗುತ್ತಲೇ ಇದೆ. ಈಗ ಉಳಿದಿರುವುದು ದೊಡ್ಡಮ್ಮ ಮತ್ತು ಒಬ್ಬ ಹಳೇ ಜೊತೆಗಾರ. ಅವನು ಮಗಳ ಹೆರಿಗೆಗೆಂದು ರಜೆ ಹಾಕಿದ್ದ. ಇಬ್ಬರ ಕೂಗನ್ನೂ ಒಬ್ಬಳೇ ಕೂಗಿ ಕೂಗಿ ದೊಡ್ಡಮ್ಮನ ದನಿ ಮೊದಲು ಒಡೆಯಿತು, ಆಮೇಲೆ ಗೊರಗೊರ ಎಂದಿತು, ಕೊನೆಗೆ ನಿಂತೇ ಹೋಯಿತು. ಗಂಟಲಿನ ಡಾಕ್ಟರು ಕನ್ನಡಿ ಇಟ್ಟು ನೋಡಿ ತಲೆ ಅಲ್ಲಾಡಿಸಿದರು.

"ದೊಡ್ಡಮ್ಮ, ಒಳಗೆ ಗಂಟು ಕಟ್ತಿದೆ. ಒಂದು ವಾರ ತುಟಿ ಬಿಚ್ಚಬೇಡಿ. ಪಿಸುಮಾತೂ ಬೇಡ. ಕೇಳಲಿಲ್ಲ ಅಂದ್ರೆ ಕತ್ತರಿ ಹಾಕಬೇಕಾಗುತ್ತೆ. ಅದಕ್ಕೆ ನೀವೂ ಕ್ಯೂನಲ್ಲಿ ನಿಂತ್ಕೋಬೇಕು. ಕ್ಯೂ ಎಷ್ಟುದ್ದ ಇದೆ ಅಂತ ನಾನು ನಿಮಗೆ ಹೇಳಬೇಕಾ?"

ಬೇರೇನಕ್ಕೂ ಹೆದರದ ದೊಡ್ಡಮ್ಮ ಆ ಕೊನೆಯ ಮಾತಿಗೆ ಹೆದರಿದಳು.

ಮನೆಯಲ್ಲಿ ಅದೊಂದು ದೊಡ್ಡ ತಮಾಷೆಯಾಯಿತು. ಅವಳ ಗಂಡ ಅಂಗಡಿಗಳ ಬೋರ್ಡು ಬರೆಯುವವನು. ಬೆರಳ ಸಂದಿಯಲ್ಲಿ ಯಾವಾಗಲೂ ಒಂದಲ್ಲ ಒಂದು ಬಣ್ಣ. ಮರುದಿನ ಬೆಳಿಗ್ಗೆ ಎದ್ದವನೇ ಕಿವಿಗೆ ಬೆರಳು ಹಾಕಿ ಅಲ್ಲಾಡಿಸಿ, "ನನ್ನ ಕಿವಿ ಕೆಟ್ಟಿದೆಯೋ ಏನೋ ಅಂದ್ಕೊಂಡೆ ಕಣೇ, ಮನೇಲಿ ಇಷ್ಟೊಂದು ಶಾಂತಿ!" ಎಂದ. ದೊಡ್ಡಮ್ಮ ಸೌಟು ಎತ್ತಿ ತೋರಿಸಿದಳು.

"ಅಪ್ಪಾ, ಅಮ್ಮ ಬೈತಿದ್ದಾಳೆ," ಎಂದಳು ಮಗಳು.

"ಏನಂತ?"

"ಹೇಳೋಕಾಗಲ್ಲ, ನಾನಿನ್ನೂ ಚಿಕ್ಕವಳು."

"ಇವತ್ತೊಂದು ದಿನ ರಜೆ ಹಾಕೇ. ಗಂಟಲಿಲ್ಲದೆ ಏನು ಮಾಡ್ತೀಯಾ ಅಲ್ಲಿ?" ಗಂಡ ಈ ಸಲ ನಿಜವಾಗಿಯೇ ಕೇಳಿದ.

ದೊಡ್ಡಮ್ಮ ಎರಡೂ ತೋಳು ಮಡಚಿ ಸ್ನಾಯು ಉಬ್ಬಿಸಿ ತೋರಿಸಿದಳು, ಚಪ್ಪಲಿ ಮೆಟ್ಟಿ ಹೊರಟಳು. ತಾನು ಹೋಗದಿದ್ದರೆ ಆ ದಿನ ಗಾಡಿ ತಳ್ಳುವವರೇ ಇಲ್ಲ. ರಜೆ ಎಂಬ ಮಾತೇ ಹುಟ್ಟದು.

ಮೂಳೆ ವಾರ್ಡಿನಲ್ಲಿ ಇಡೀ ಕೋಣೆಗೆ ಒಬ್ಬಳೇ ನರ್ಸಮ್ಮ. ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ಫೋನು, ಕಿವಿ ಮೂರನೇ ಹಾಸಿಗೆಯ ಗೊಣಗಾಟದ ಕಡೆ. ದೊಡ್ಡಮ್ಮನನ್ನು ಕಂಡದ್ದೇ, "ಬಂದ್ರಾ, ಸದ್ಯ! ಕಿಟಕಿ ಪಕ್ಕ ಇರೋರನ್ನ ಎತ್ಕೊಳ್ಳಿ. ಮಂಪರು ಡಾಕ್ಟರು ಆಗಲೇ ಎರಡು ಸಲ ಫೋನ್ ಮಾಡಿದ್ರು," ಎಂದಳು.

ಕಿಟಕಿ ಪಕ್ಕ ಇದ್ದವಳು ಟಪಾಲಕ್ಕ. ಊರಿನ ಅರ್ಧ ಬಾಗಿಲುಗಳಿಗೆ ಅವಳ ಗುರುತು ಉಂಟು. ಹೆಗಲಿಗೆ ಚೀಲ ಹಾಕಿ ಬೀದಿ ಬೀದಿ ನಡೆದು ಕಾಗದ ಹಂಚಿದವಳು. ನಡೆದು ನಡೆದು ಬಲ ಸೊಂಟದ ಕೀಲು ಸವೆದು ಮೂಳೆಗೆ ಮೂಳೆ ತಿಕ್ಕತೊಡಗಿತ್ತು. ಹೊಸ ಕೀಲು ಹಾಕಿಸಬೇಕು. ಹಾಕಿಸುವವರ ಸಾಲು ಎಷ್ಟು ಉದ್ದ ಎಂದರೆ ಹೆಸರು ಬರೆಸಿದಾಗ ಕೋಲು ಹಿಡಿದು ಬಂದವಳು ಈಗ ಹಾಸಿಗೆ ಹಿಡಿದಿದ್ದಳು. ಸರದಿ ಎರಡು ಸಲ ಬಂದಿತ್ತು, ಎರಡು ಸಲವೂ ಹೋಗಿತ್ತು. ಮೊದಲ ಸಲ ಮಂಪರು ಕೊಡುವ ಡಾಕ್ಟರಿರಲಿಲ್ಲ. ಎರಡನೇ ಸಲ ಆಪರೇಷನ್ ಕೋಣೆಯಲ್ಲಿ ನರ್ಸುಗಳಿರಲಿಲ್ಲ. ಇತ್ತ ಟಪಾಲು ಕಚೇರಿಯವರು ಇನ್ನು ತಡೆಯಲಾರೆವು ಎಂದಿದ್ದರು. ಬೇಸಿಗೆ ಮುಗಿಯುವ ಹೊತ್ತಿಗೆ ಅವಳು ಬೀದಿಗಿಳಿಯದಿದ್ದರೆ ಅವಳ ಬೀದಿಗಳು ಬೇರೆಯವರ ಪಾಲು, ಅವಳಿಗೆ ಮನೆಯೇ ಗತಿ.

"ಹೆದರ್ಕೋಬೇಡಿ" ಎಂಬಂತೆ ದೊಡ್ಡಮ್ಮ ಅವಳ ಭುಜ ಒತ್ತಿದಳು.

"ಹೆದರಿಕೆ ಆಪರೇಷನ್ನಿನದ್ದಲ್ಲ ದೊಡ್ಡಮ್ಮ," ಎಂದಳು ಟಪಾಲಕ್ಕ. ಆಗಲೇ ಸೂಜಿ ಹಾಕಿದ್ದರಿಂದ ಮಾತು ನಿಧಾನ, ನಗು ಸಡಿಲ. "ಮೇಲೆ ಕರ್ಕೊಂಡು ಹೋಗಿ ಮತ್ತೆ ವಾಪಸ್ ಕಳಿಸ್ತಾರಲ್ಲ, ಅದರದ್ದು. ವಿಳಾಸ ಸರಿ ಇಲ್ಲದ ಕಾಗದ ಆಗ್ಬಿಟ್ಟಿದ್ದೀನಿ ನಾನು."

ಮಂಪರು ಡಾಕ್ಟರ ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಗೊಂದಲವಾಗಬಾರದು. ಆಪರೇಷನ್ನಿಗೆ ಮುಂಚೆ ಅರಿವು ತಪ್ಪಿಸುವ ಡಾಕ್ಟರು ಅವರು. ಈ ಆಸ್ಪತ್ರೆಗೂ ನದಿಯಾಚೆಯ ಇನ್ನೊಂದು ಆಸ್ಪತ್ರೆಗೂ ಅವರೊಬ್ಬರೇ. ಬೆಳಿಗ್ಗೆ ಇಲ್ಲಿ, ಮಧ್ಯಾಹ್ನ ಅಲ್ಲಿ. ಸೊಂಟದ ಕೆಲಸ ದೊಡ್ಡದು, ಹನ್ನೊಂದರೊಳಗೆ ಶುರುವಾದರೆ ಮಾತ್ರ ಮುಗಿಸಿ ಹೋಗಲು ಸಾಧ್ಯ. ಹನ್ನೊಂದು ದಾಟಿದರೆ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಾರೆ. ಕೆಟ್ಟವರೇನಲ್ಲ. ಒಂದು ಜೀವವನ್ನು ಎರಡು ಕಡೆ ಹರಿದು ಹಂಚಿದ್ದಾರೆ, ಅಷ್ಟೆ.

ದೊಡ್ಡಮ್ಮ ಗಾಡಿಯನ್ನು ಲಿಫ್ಟಿನ ಮುಂದೆ ತಂದು ನಿಲ್ಲಿಸಿದಳು. ಲಿಫ್ಟಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ, ನೆಲಕ್ಕಿಂತ ಕೆಳಗೆ, ರಿಪೇರಿಯವನ ತಲೆ ಕಾಣುತ್ತಿತ್ತು.

"ಕೈ ಕೊಡ್ತು ಅಮ್ಮ," ಎಂದಿತು ತಲೆ. "ಇನ್ನೊಂದು ಗಂಟೆ."

ಇನ್ನೊಂದು ಗಂಟೆ ಎಂದರೆ ಟಪಾಲಕ್ಕನ ಮೂರನೇ ಸರದಿಯೂ ಮಣ್ಣು. ಉಳಿದದ್ದು ಇಳಿಜಾರು ಹಾದಿ. ಮೆಟ್ಟಿಲಿಲ್ಲದೆ ಸುತ್ತಿ ಸುತ್ತಿ ಆಪರೇಷನ್ ಕೋಣೆಯಿರುವ ಮೂರನೇ ಮಹಡಿಗೆ ಏರುವ ಸಿಮೆಂಟಿನ ಹಾದಿ ಅದು. ಆದರೆ ಅಲ್ಲಿ ಸ್ಕ್ಯಾನಿಂಗ್ ಕ್ಯೂ! ಸ್ಕ್ಯಾನಿಂಗ್ ಯಂತ್ರ ಎರಡಿದ್ದರೂ ನಡೆಸುವವಳು ಒಬ್ಬಳೇ. ಆದ್ದರಿಂದ ಕ್ಯೂ ಕೋಣೆಯಿಂದ ಹೊರಬಿದ್ದು, ಇಳಿಜಾರಿನಲ್ಲಿ ಹರಿದು, ಕೆಳಗಿನ ಬಾಗಿಲವರೆಗೂ ಬಂದು ನಿಂತಿತ್ತು. ಎರಡೂ ಬದಿಯ ಕಂಬಿಗೆ ಜನ ಒರಗಿದ್ದರು, ನಡುವೆ ಚೀಲ, ನೀರಿನ ಬಾಟಲಿ, ಮಡಚುವ ಕುರ್ಚಿ, ಕುರ್ಚಿಯ ಮೇಲೆ ನಿದ್ದೆ.

ದೊಡ್ಡಮ್ಮ ಉಸಿರೆಳೆದುಕೊಂಡಳು. ಅಭ್ಯಾಸಬಲ, ಬಾಯಿ ತೆರೆದೇಬಿಟ್ಟಿತು. ಬಂದದ್ದು ಮಾತ್ರ ಪಂಕ್ಚರಾದ ಟ್ಯೂಬಿನ ಸದ್ದು. ಗಂಟಲಿನ ಡಾಕ್ಟರ ಕತ್ತರಿ ಕಣ್ಣ ಮುಂದೆ ಬಂದು ಬಾಯಿ ಮುಚ್ಚಿದಳು. ಗಾಡಿಯ ಕಂಬಿಗೆ ಅಂಗೈಯಿಂದ ಟಪಟಪ ಬಡಿದಳು.

"ಯಾರ್ರೀ ಅದು ಬಡಿಯೋರು? ಬಡಿದ್ರೆ ಹೆದರಿಬಿಡ್ತೀವಾ? ನಾವೂ ಬೆಳಿಗ್ಗೆ ಎದ್ದು ಬಂದಿದ್ದೀವಿ," ಎಂದಳು ಮಡಚುವ ಕುರ್ಚಿಯಲ್ಲಿ ಕೂತು ಉಲ್ಲನ್ ಹೆಣೆಯುತ್ತಿದ್ದ ಹೆಂಗಸು, ತಲೆ ಎತ್ತದೆಯೇ.

"ಯಾರಾದ್ರೂ... ಒಂದು ಕೈ ಕೊಡ್ರಪ್ಪ..." ಟಪಾಲಕ್ಕ ಮಲಗಿದ್ದಲ್ಲಿಂದಲೇ ಎಂದಳು.

"ಕೈ ಕೊಡೋಕೆ ಲಿಫ್ಟ್ ಇದೆಯಲ್ಲಮ್ಮ!" ಎಂದ ಯಾರೋ. ಕ್ಯೂ ಪೂರಾ ನಕ್ಕಿತು. ಟಪಾಲಕ್ಕನೂ ನಕ್ಕಳು. ನಗುತ್ತಲೇ ಅವಳ ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯಿತು.

ದೊಡ್ಡಮ್ಮ ಅದನ್ನು ನೋಡಿದಳು. ಆ ಕೂಗು ಹುಟ್ಟಿದ ಮೇಲೆ ಅವಳ ಗಾಡಿ ಜನರ ನಡುವೆ ಸಿಕ್ಕಿ ನಿಂತದ್ದಿಲ್ಲ. ಗಾಡಿಗೆ ಬ್ರೇಕು ಹಾಕಿ, ಬಡಬಡ ನಡೆದು, ನಗಿಸಿದವನ ಮುಂದೆಯೇ ಹೋಗಿ ನಿಂತಳು. ಅವನೊಬ್ಬ ಲಾರಿ ಡ್ರೈವರು, ಬಾಗಿಲಿನಷ್ಟು ಅಗಲ, ಮೊಣಕಾಲಿಗೆ ಬಿಗಿ ಪಟ್ಟಿ. ದೊಡ್ಡಮ್ಮ ತನ್ನ ಗಂಟಲು ತೋರಿಸಿದಳು, ಕೈ ಅಡ್ಡ ಆಡಿಸಿದಳು. ಆಮೇಲೆ ಅವನ ಎದೆಗೆ ಬೆರಳಿಟ್ಟು, ಎರಡೂ ಕೈಯನ್ನು ಬಾಯಿಯ ಸುತ್ತ ಕಹಳೆಯಂತೆ ಹಿಡಿದು, ಗಾಡಿಯ ಕಡೆ ಗೋಣು ಆಡಿಸಿದಳು.

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಅಯ್ಯೋ! ದಾರಿ ದೊಡ್ಡಮ್ಮ ನೀವು! ಗಂಟಲು ಹೋಯ್ತಾ? ಅದಕ್ಕೇ ಇವತ್ತು ಆಸ್ಪತ್ರೆ ಸತ್ತಂಗಿದೆ!"

ದೊಡ್ಡಮ್ಮ ಕೈ ಮುಗಿಯಲಿಲ್ಲ, ಬೇಡಲೂ ಇಲ್ಲ. ಮತ್ತೊಮ್ಮೆ ಕಹಳೆ ತೋರಿಸಿದಳು.

"ಕೂಗ್ತೀನಿ ತಾಯಿ, ಹಾರ್ನ್ ಹೊಡೆಯೋದೇ ನನ್ನ ಕೆಲಸ. ಆದ್ರೆ ನನ್ನ ಜಾಗ?"

ಎಲ್ಲರ ಕಷ್ಟವೂ ಅದೇ. ದೊಡ್ಡಮ್ಮ ಒಂದು ಕ್ಷಣ ಯೋಚಿಸಿದಳು. ಡ್ರೈವರನ ಗಲ್ಲ ಹಿಡಿದು ಅವನ ಮುಖವನ್ನು ಮುಂದಿದ್ದವನ ಕಡೆ ತಿರುಗಿಸಿದಳು, ಆಮೇಲೆ ಹಿಂದಿದ್ದ ಉಲ್ಲನ್ ಹೆಂಗಸಿನ ಕಡೆ ತಿರುಗಿಸಿದಳು. ತನ್ನ ಎರಡು ಕಣ್ಣಿಗೆ ಎರಡು ಬೆರಳು ಮುಟ್ಟಿಸಿ, ಇಬ್ಬರನ್ನೂ ತೋರಿಸಿದಳು.

ಉಲ್ಲನ್ ಹೆಂಗಸಿಗೆ ಹೊಳೆಯಿತು. "ಹೋ! ಮುಂದೆ ಯಾರು, ಹಿಂದೆ ಯಾರು ಅಂತ ಮುಖ ನೋಡಿಟ್ಕೊಳ್ಳಿ ಅಂತಿದ್ದಾರೆ! ನೋಡ್ಕೊಂಡ್ರೆ ಜಾಗ ಎಲ್ಲಿಗೆ ಹೋಗುತ್ತೆ? ಏ ಡ್ರೈವರಣ್ಣ, ನಿನ್ನ ಮುಖ ಮರೆಯೋ ಅಂಥದ್ದಲ್ಲ, ನಡಿ ನೀನು! ನಿನ್ನ ಜಾಗಕ್ಕೆ ನನ್ನ ಉಲ್ಲನ್ ಉಂಡೆ ಇಟ್ಟಿರ್ತೀನಿ."

"ಉಂಡೆಗೆ ಸ್ಕ್ಯಾನ್ ಮಾಡಿಬಿಟ್ಟಾರು, ನೋಡ್ಕೊಳ್ಳಕ್ಕ!" ಎಂದು ಡ್ರೈವರು ಕುಂಟುತ್ತ ಗಾಡಿಯ ಮುಂದೆ ಬಂದ. "ಯಾರು ಅಂತ ಕೂಗ್ಲಿ? ನಂಟು ಹೇಳ್ಬೇಕಲ್ಲ."

"ಚಿಕ್ಕಮ್ಮ ಅಂತ ಕೂಗಪ್ಪ," ಎಂದಳು ಟಪಾಲಕ್ಕ. "ಊರೆಲ್ಲ ಅಕ್ಕ ಅಕ್ಕ ಅಂದೂ ಅಂದೂ ಸಾಕಾಗಿದೆ. ಒಂದು ಸಲ ಬಡ್ತಿ ಸಿಗ್ಲಿ."

ಡ್ರೈವರು ಎದೆ ತುಂಬ ಗಾಳಿ ತುಂಬಿಕೊಂಡ. "ದಾರೀ...! ನಿಮ್ಮ ಚಿಕ್ಕಮ್ಮ ಬರ್ತಿದ್ದಾರೆ! ಮುಂದಿನವರ ಮುಖ ನೋಡ್ಕೊಳ್ಳಿ, ಹಿಂದಿನವರ ಮುಖ ನೋಡ್ಕೊಳ್ಳಿ, ಗೋಡೆಗೆ ಅಂಟ್ಕೊಳ್ಳಿ!"

ದೊಡ್ಡಮ್ಮ ಬ್ರೇಕು ತೆಗೆದಳು.

ಇಳಿಜಾರು ಏರಿಸುವುದು ಹೇಗೆಂದು ಕೇಳಿ. ತೋಳಿಂದ ತಳ್ಳಿದರೆ ಅರ್ಧದಲ್ಲೇ ತೋಳು ಸಾಯುತ್ತದೆ. ಸೊಂಟ ಬಗ್ಗಿಸಿ, ಎದೆಯನ್ನು ಕಂಬಿಗೆ ಆನಿಸಿ, ಹಿಮ್ಮಡಿಯಿಂದ ನೆಲವನ್ನು ಹಿಂದಕ್ಕೆ ಒದೆಯಬೇಕು. ರೋಗಿಗೆ ಗಾಡಿ ಏರುತ್ತಿದೆ ಎಂದೇ ಅನ್ನಿಸಬಾರದು. ದೊಡ್ಡಮ್ಮನ ಹೆಗಲು ಹಾಗೆ ಕೂತಿತು, ಗಾಡಿ ಹೊರಟಿತು. ಡ್ರೈವರು ಮುಂದೆ ಹಿಮ್ಮುಖವಾಗಿ ನಡೆಯುತ್ತ, ಲಾರಿ ಹಿಂದಕ್ಕೆ ತೆಗೆಸುವಾಗಿನ ಅಭ್ಯಾಸದಲ್ಲಿ ಕೈ ಆಡಿಸುತ್ತಿದ್ದ. "ಬರ್ಲಿ, ಬರ್ಲಿ, ಎಡಕ್ಕೆ ಸ್ವಲ್ಪ ಹೊಡೀರಿ, ಹಾಂ, ನೇರ, ನೇರ... ಏ ಕುರ್ಚಿ, ಮಡಚ್ಕೋ!"

ಮೊದಲ ತಿರುವಿನಲ್ಲಿ ಅವನ ದನಿ ಮೇಲಿನವರಿಗೆ ಸರಿಯಾಗಿ ಕೇಳಲಿಲ್ಲ. ಅಲ್ಲಿದ್ದವರೇ ಕೂಗನ್ನು ಎತ್ತಿಕೊಂಡರು. "ದಾರೀ... ಚಿಕ್ಕಮ್ಮ ಬರ್ತಿದ್ದಾರಂತೆ!" ಎಂದು ಅವರು, ಅವರ ಮೇಲಿನವರು, ಅದರಾಚೆಯವರು. ಚೀಲಗಳು ಎದ್ದವು, ಬಾಟಲಿಗಳು ಉರುಳಿದವು, ನಿದ್ದೆ ಹೋದವರನ್ನು ಕುರ್ಚಿ ಸಮೇತ ಪಕ್ಕಕ್ಕಿಟ್ಟರು. ಎಲ್ಲರೂ ಮುಂದಿನವರ ಮುಖವನ್ನೂ ಹಿಂದಿನವರ ಮುಖವನ್ನೂ ದಿಟ್ಟಿಸಿ ನೋಡಿ ಗೋಡೆಗೆ ಅಂಟಿಕೊಂಡರು. ಬೆಳಗಿನಿಂದ ಬರೀ ಬೆನ್ನು ನೋಡಿಕೊಂಡು ನಿಂತಿದ್ದ ಜನ, ಆಗ ಮೊದಲ ಸಲ ಮುಖ ನೋಡಿಕೊಂಡರು. "ಓ, ನೀವು ನಮ್ಮ ಬೀದಿಯವರಲ್ವಾ?" ಎಂದು ಒಬ್ಬರಿಗೊಬ್ಬರು ಗುರುತು ಹಿಡಿದವರೂ ಇದ್ದರು.

ಇನ್ನೊಂದು ತಿರುವಿಗೆ ಇಬ್ಬರು ಗಂಡಸರು ಬಂದು ಗಾಡಿಯ ಎರಡೂ ಬದಿ ಹಿಡಿದರು. ಎಡ ಚಕ್ರ ಇವತ್ತು ಮಧ್ಯಾಹ್ನಕ್ಕೂ ಮೊದಲೇ ಗೋಡೆಯ ಕಡೆ ಮುಖ ತಿರುಗಿಸಿತು. ದೊಡ್ಡಮ್ಮ ಮೊಣಕಾಲಿನಿಂದ ಒಂದು ಕೊಟ್ಟಳು, ನೇರವಾಯಿತು. ಬೆವರು ಹುಬ್ಬಿನಿಂದ ಇಳಿದು ಕಣ್ಣು ಉರಿಸಿತು. ಒರೆಸಿಕೊಳ್ಳಲು ಕೈ ಬಿಡುವಂತಿಲ್ಲ. ಯಾರೋ ಅಪರಿಚಿತ ಹುಡುಗಿ ತನ್ನ ಕರವಸ್ತ್ರದಿಂದ ಒರೆಸಿ, ಗಾಡಿಯ ಜೊತೆ ಹತ್ತು ಹೆಜ್ಜೆ ನಡೆದು ತನ್ನ ಜಾಗಕ್ಕೆ ಓಡಿಹೋದಳು.

ಇತ್ತ ಕೂಗು ಗಾಡಿಗಿಂತ ಬೇಗ ಏರುತ್ತಿತ್ತು. ಬಾಯಿಂದ ಬಾಯಿಗೆ ಹೋಗುವಾಗ ಮಾತು ಹೇಗೆ ತಿರುಗುತ್ತದೆ, ನಿಮಗೆ ಗೊತ್ತಲ್ಲ. ಆ ಆಸ್ಪತ್ರೆಯಲ್ಲಿ "ದಾರಿ" ಎಂದು ನಾಲಿಗೆ ಎದ್ದರೆ, ಅದು ತಾನಾಗಿಯೇ "ದೊಡ್ಡಮ್ಮ" ಎಂದೇ ಬೀಳುವುದು. ಕೆಳಗೆ ಚಿಕ್ಕಮ್ಮನಾಗಿ ಹೊರಟವಳು ಎರಡನೇ ಮಹಡಿಯಲ್ಲಿ ಯಾರದೋ ಬಾಯಲ್ಲಿ ಜಾರಿ ದೊಡ್ಡಮ್ಮನಾದಳು. ಮೂರನೇ ಮಹಡಿ ಮುಟ್ಟುವ ಹೊತ್ತಿಗೆ ಕ್ಯೂಗೆ ಕ್ಯೂವೇ ಒಂದೇ ದನಿಯಲ್ಲಿ ಕೂಗುತ್ತಿತ್ತು. "ದಾರೀ... ದೊಡ್ಡಮ್ಮ ಬರ್ತಿದ್ದಾರೆ! ಗಾಡೀಲಿ ದೊಡ್ಡಮ್ಮ ಬರ್ತಿದ್ದಾರೆ! ದಾರಿ ಬಿಡೀ...!"

ಮೇಲೆ, ಆಪರೇಷನ್ ಕೋಣೆಯ ಹೊರಗೆ, ಮಂಪರು ಡಾಕ್ಟರು ಗೋಡೆಯ ಗಡಿಯಾರ ನೋಡಿ, ಟೋಪಿ ತೆಗೆದು, ಚೀಲ ಹೆಗಲಿಗೇರಿಸಿದ್ದರು. ಹನ್ನೊಂದು ದಾಟಿತ್ತು. "ಪಾಪ, ಇವತ್ತೂ ಆಗಲಿಲ್ಲ," ಎಂದು ಒಳಗಿನ ನರ್ಸಿಗೆ ಹೇಳಿ ಎರಡು ಹೆಜ್ಜೆ ಇಟ್ಟಿದ್ದರಷ್ಟೆ. ಆ ಕೂಗು ಕಿವಿಗೆ ಬಿತ್ತು.

ಅವರು ನಿಂತರು. ಈ ಕೂಗನ್ನು ಅವರು ದಿನಾ ಕೇಳುವವರು. ಆದರೆ ಇದು ದೊಡ್ಡಮ್ಮನ ದನಿಯಲ್ಲ. ಬೇರೆ ಯಾರೋ ಕೂಗುತ್ತಿದ್ದಾರೆ, ಗಾಡಿಯಲ್ಲಿ ದೊಡ್ಡಮ್ಮ ಅನ್ನುತ್ತಿದ್ದಾರೆ. ಅವರ ಮುಖದ ಬಣ್ಣ ಇಳಿಯಿತು.

"ದೊಡ್ಡಮ್ಮನಿಗೆ ಏನೋ ಆಗಿದೆ! ಬೇಗ, ಬೇಗ, ಎಲ್ಲ ತಯಾರಿಡಿ!" ಚೀಲ ಕುರ್ಚಿಯ ಮೇಲೆ ಬಿತ್ತು, ಟೋಪಿ ತಲೆಗೇರಿತು. ಮೂಳೆ ಡಾಕ್ಟರು ಕೈಗವಸು ಕಳಚುತ್ತಿದ್ದವರು ಮತ್ತೆ ಏರಿಸಿಕೊಂಡರು. ನರ್ಸು ದೀಪ ಹಚ್ಚಿದಳು. ಮಂಪರು ಡಾಕ್ಟರು ನದಿಯಾಚೆಗೆ ಫೋನು ಹಚ್ಚಿ, "ನಾನು ಬರೋದು ತಡ. ಹೌದು ರೀ, ತಡ ಅಂದ್ರೆ ತಡ. ನಮ್ಮ ಮನೆಯವರೊಬ್ಬರಿಗೆ ಹುಷಾರಿಲ್ಲ!" ಎಂದು ಹೇಳಿಯೇಬಿಟ್ಟರು.

ಬಾಗಿಲು ತೆರೆದುಕೊಂಡಿತು. ಗಾಡಿ ಕೊನೆಯ ಏರು ಹತ್ತಿ ಬಂತು. ಮುಂದೆ ಕುಂಟುವ ಡ್ರೈವರು, ಬದಿಯಲ್ಲಿ ಇಬ್ಬರು ಗಂಡಸರು, ಗಾಡಿಯ ಮೇಲೆ ಅರೆಗಣ್ಣು ಮುಚ್ಚಿದ ಟಪಾಲಕ್ಕ, ಹಿಂದೆ, ಟೊಮೆಟೊ ಹಣ್ಣಿನಂತೆ ಕೆಂಪಾದ ಮುಖ ಹೊತ್ತು, ತಳ್ಳುತ್ತ, ಸಾಕ್ಷಾತ್ ದೊಡ್ಡಮ್ಮ.

ಮಂಪರು ಡಾಕ್ಟರು ಗಾಡಿ ನೋಡಿದರು, ದೊಡ್ಡಮ್ಮನನ್ನು ನೋಡಿದರು, ಮತ್ತೆ ಗಾಡಿ ನೋಡಿದರು.

"ಅಲ್ಲ... ನೀವು ನಿಂತಿದ್ದೀರಲ್ಲ?"

ದೊಡ್ಡಮ್ಮ ಏನು ಹೇಳಿಯಾಳು? ಹೌದು, ನಿಂತಿದ್ದೇನೆ ಎಂಬಂತೆ ತಲೆಯಾಡಿಸಿದಳು.

"ಮಲಗಿರ್ತೀರಿ ಅಂದ್ಕೊಂಡೆ ನಾನು! ಗಾಡೀಲಿ ದೊಡ್ಡಮ್ಮ, ಗಾಡೀಲಿ ದೊಡ್ಡಮ್ಮ ಅಂತ ಆಸ್ಪತ್ರೆ ಪೂರ್ತಿ ಬಡ್ಕೊಳ್ತಿತ್ತು. ನನ್ನ ಜೀವ ಬಾಯಿಗೆ ಬಂದಿತ್ತು ಕಣ್ರೀ!"

"ಚಿಕ್ಕಮ್ಮ ಅಂತ ಕೂಗಿದ್ದು ಸಾರ್ ನಾನು, ಚಿಕ್ಕಮ್ಮ!" ಎಂದ ಡ್ರೈವರು. "ದಾರೀಲಿ ದೊಡ್ಡವಳಾಗ್ಬಿಟ್ಟಿದ್ದಾಳೆ!"

ಮೊದಲು ನಕ್ಕದ್ದು ಮಂಪರು ಡಾಕ್ಟರೇ. ಆಮೇಲೆ ಮೂಳೆ ಡಾಕ್ಟರು, ನರ್ಸು, ಬದಿಯ ಗಂಡಸರು. ನಗು ನಿಂತಾಗ ಮಂಪರು ಡಾಕ್ಟರ ಕಣ್ಣು ಕುರ್ಚಿಯ ಮೇಲಿದ್ದ ಚೀಲದ ಮೇಲೆ ಹೋಯಿತು. ಅಲ್ಲಿಂದ ಗಡಿಯಾರಕ್ಕೆ ಹೋಯಿತು. ಟಪಾಲಕ್ಕ ಕಣ್ಣು ತೆರೆದಿದ್ದಳು. ಚಾವಣಿಯನ್ನೇ ನೋಡುತ್ತ ಮಲಗಿದ್ದಳು.

ದೊಡ್ಡಮ್ಮ ಗಾಡಿಯ ಹಿಂದಿನಿಂದ ಮುಂದೆ ಬಂದಳು. ಟಪಾಲಕ್ಕನ ಹೊದಿಕೆಯ ಮೇಲೆ ಕೈ ಇಟ್ಟು, ಡಾಕ್ಟರ ಕಣ್ಣಲ್ಲಿ ಕಣ್ಣಿಟ್ಟು ನಿಂತಳು. ನನಗಾಗಿ ನಿಂತಿರಿ, ಇವಳಿಗಾಗಿ ನಿಲ್ಲಲಾರಿರಾ? ದನಿ ಇದ್ದಿದ್ದರೆ ಇದನ್ನೇ ಕೇಳುತ್ತಿದ್ದಳು. ಇಲ್ಲದಿದ್ದರೂ ಕೇಳಿಸಿತು.

"ಹಾಗೆ ನೋಡಬೇಡಿ ದೊಡ್ಡಮ್ಮ," ಎಂದರು ಡಾಕ್ಟರು, ಟೋಪಿಯ ದಾರ ಬಿಗಿಯುತ್ತ. "ಮನೆಯವರಿಗೆ ಹುಷಾರಿಲ್ಲ ಅಂತ ಆಗಲೇ ಫೋನಲ್ಲಿ ಹೇಳಾಗಿದೆ. ಈಗ ವಾಪಸ್ ತಗೊಳ್ಳೋಕಾಗುತ್ತಾ? ಅಲ್ಲಿ ಬೈಸಿಕೊಳ್ಳೋದು ನನ್ನ ಹಣೆಬರಹ. ಒಳಗೆ ಬಿಡಿ ಗಾಡೀನ."

ಬಾಗಿಲು ಮುಚ್ಚಿತು. ಹೊರಗೆ ದೊಡ್ಡಮ್ಮ ಗೋಡೆಗೆ ಒರಗಿದಳು. ಆ ಆಸ್ಪತ್ರೆಯಲ್ಲಿ ಎಲ್ಲರೂ ಎಲ್ಲರಿಗಾಗಿ ಕಾಯುವುದೇ ಆಗಿತ್ತು. ಅವಳಿಗಾಗಿ ಯಾರು ಯಾವಾಗ ಕಾದಿದ್ದರು? ಇವತ್ತು ಡಾಕ್ಟರ ಹೆಗಲಿಗೇರಿದ ಚೀಲ ಅವಳ ಹೆಸರಿಗೆ ಕೆಳಗಿಳಿದಿತ್ತು. ನಮ್ಮ ಮನೆಯವರು ಎಂದಿದ್ದರು. ಎದೆ ಉಬ್ಬಿತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಒಬ್ಬಳೇ, ಸದ್ದಿಲ್ಲದೆ, ಹಲ್ಲು ಕಾಣುವಂತೆ ನಕ್ಕಳು.

ಡ್ರೈವರು ಇಳಿಜಾರು ಇಳಿದು ಹೋದಾಗ ಅವನ ಜಾಗ ಇದ್ದಲ್ಲೇ ಇತ್ತು. ಕ್ಯೂನಲ್ಲಿ ಒಬ್ಬರ ಜಾಗವೂ ಹೋಗಿರಲಿಲ್ಲ. ಇದನ್ನು ನನಗೆ ಹೇಳಿದವಳು ಆ ಉಲ್ಲನ್ ಹೆಂಗಸೇ. ಅವಳ ಲೆಕ್ಕದಲ್ಲಿ ಆ ಕಥೆಯ ನಾಯಕ ಉಲ್ಲನ್ ಉಂಡೆ.

ಆಪರೇಷನ್ ಚೆನ್ನಾಗಿ ಆಯಿತು. ಕಣ್ಣು ಬಿಟ್ಟ ಟಪಾಲಕ್ಕನ ಮೊದಲ ಮಾತು, "ತಲುಪಿದ್ನಾ?" ಮೂಳೆ ಡಾಕ್ಟರು ನಗುತ್ತ, "ತಲುಪಿದ್ರಿ, ಸಹಿನೂ ಆಯ್ತು. ಮಳೆಗಾಲಕ್ಕೆ ಬೀದಿಗಿಳೀತೀರಿ," ಎಂದರು.

ದೊಡ್ಡಮ್ಮನ ಪಾಳಿ ಮುಗಿದು ಹೋಗಿತ್ತು. ಬದಲಿಗೆ ಬರಬೇಕಾದವರು ಬರಲಿಲ್ಲ, ಬರುವವರು ಇದ್ದರಲ್ಲವೇ ಬರುವುದು. ಲಿಫ್ಟಿನ ರಿಪೇರಿಯವನು ಇನ್ನೊಂದು ಗಂಟೆ ಎಂದೇ ಹೇಳುತ್ತಿದ್ದ. ಹಾಗಾಗಿ ಸಂಜೆ ದೊಡ್ಡಮ್ಮನೇ ಟಪಾಲಕ್ಕನನ್ನು ಕೆಳಗಿಳಿಸಿದಳು. ಇಳಿಸುವುದು ಏರಿಸುವುದಕ್ಕಿಂತ ಕಷ್ಟ. ಗಾಡಿಯ ಮುಂದೆ ನಿಂತು, ಭಾರವನ್ನೆಲ್ಲ ಬೆನ್ನಿಗೆ ತೆಗೆದುಕೊಂಡು, ಅಂಗುಲ ಅಂಗುಲವಾಗಿ ಬಿಡಬೇಕು. ಸ್ಕ್ಯಾನಿಂಗ್ ಕೋಣೆಗೆ ಬೀಗ ಬಿದ್ದಿತ್ತು. ಇಳಿಜಾರು ಖಾಲಿ. ಯಾರಿಗೂ ದಾರಿ ಕೇಳಬೇಕಾಗಿರಲಿಲ್ಲ.

ವಾರ್ಡಿನಲ್ಲಿ ನರ್ಸಮ್ಮನೂ ಅವಳೂ ಸೇರಿ ಟಪಾಲಕ್ಕನನ್ನು ಹಾಸಿಗೆಗೆ ಜಾರಿಸಿದರು.

"ಎರಡು ಕಾಲಿನ ಮಧ್ಯ ದಿಂಬು ಇರಲೇಬೇಕು ಅಂದಿದ್ದಾರೆ ಡಾಕ್ಟರು," ಎಂದಳು ನರ್ಸಮ್ಮ. "ನಿದ್ದೇಲಿ ಕಾಲಿನ ಮೇಲೆ ಕಾಲು ಬಿದ್ರೆ ಹೊಸ ಕೀಲು ಜಾರಿಬಿಡುತ್ತಂತೆ. ದಿಂಬು ಕೇಳಿದೆ ದೊಡ್ಡಮ್ಮ. ಇಲ್ಲ, ನಾಳೆ ಅಂದ್ರು." ಆಕೆಯ ದನಿ ಅಳುವಿನ ಹತ್ತಿರ ಇತ್ತು. ಇನ್ನೊಂದು ಹಾಸಿಗೆಯಿಂದ ಯಾರೋ ಕರೆದರು, ಆಕೆ ಓಡಿದಳು.

ದೊಡ್ಡಮ್ಮ ಸುತ್ತ ನೋಡಿದಳು. ಯಾವ ತಲೆಯ ಕೆಳಗಿನಿಂದ ಎಳೆಯುವುದು? ಗಾಡಿಯ ಮೇಲಿನ ಹಾಸುಬಟ್ಟೆ ತೆಗೆದು ಮಡಚಿದಳು, ಮತ್ತೆ ಮಡಚಿದಳು. ತನ್ನ ನೀಲಿ ಕೆಲಸದ ಕೋಟು ಕಳಚಿ, ಮಡಚಿದ ಬಟ್ಟೆಯನ್ನು ಅದರೊಳಗಿಟ್ಟು, ಗುಂಡಿ ಹಾಕಿ, ಬಿಗಿಯಾಗಿ ಸುತ್ತಿದಳು. ಅಂಗೈಯಿಂದ ಒತ್ತಿ ನೋಡಿದಳು, ಗಟ್ಟಿಯಾಗಿತ್ತು. ನಿದ್ದೆಯಲ್ಲಿದ್ದ ಟಪಾಲಕ್ಕನ ಮೊಣಕಾಲುಗಳ ನಡುವೆ ಅದನ್ನು ಮೆಲ್ಲಗೆ ತೂರಿಸಿದಳು. ಜಾರದಂತೆ ಕೋಟಿನ ಎರಡೂ ತೋಳುಗಳನ್ನು ಒಳ್ಳೆಯ ಕಾಲಿನ ಸುತ್ತ ತಂದು, ಬಿಗಿಯೂ ಅಲ್ಲದ ಸಡಿಲವೂ ಅಲ್ಲದ ಒಂದು ಗಂಟು ಹಾಕಿದಳು.